ಬೆಳ್ಳುಳ್ಳಿ ಹಾಕಿದ ಮಾವಿನ ಜಾಮು

ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿಗೆ ಅಷ್ಟು ಸುಲಭಕ್ಕೆ ಹೇಸಿಗೆಯಾಗುವುದಿಲ್ಲ. ಡಾಕ್ಟರಮ್ಮ ಹುಳುಕು ಕೊರೆಯುವಾಗ ಪಕ್ಕದಲ್ಲಿ ನಿಂತು, ರೋಗಿಯ ಬಾಯಲ್ಲಿ ತುಂಬುವ ಎಂಜಲು, ರಕ್ತ, ಕೀವು ಎಲ್ಲವನ್ನೂ ಸಣ್ಣ ಕೊಳವೆಯಲ್ಲಿ ಹೀರಿ ತೆಗೆಯುವುದು ನನ್ನ ಕೆಲಸ. ಹಲ್ಲುಜ್ಜದೆ ಬಂದವರು, ಸಿಗರೇಟು ಆರಿಸಿ ನೇರ ಕುರ್ಚಿ ಹತ್ತಿದವರು, ಕೊಳೆತ ದವಡೆಯನ್ನು ಕರವಸ್ತ್ರದಲ್ಲಿ ಮುಚ್ಚಿಕೊಂಡು ಬಂದವರು, ಎಲ್ಲರ ಉಸಿರೂ ನನಗೆ ಪರಿಚಯ. ಅದೆಲ್ಲ ಮುಗಿಸಿ ಕೈ ತೊಳೆದು, ಹಿಂದಿನ ಕೋಣೆಯಲ್ಲಿ ಕೂತು ನೆಮ್ಮದಿಯಾಗಿ ಊಟ ಮಾಡುತ್ತೇನೆ. ಅಂಥ ನನಗೇ, ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ, ಗಂಡನ ಮನೆಯ ಊಟದ ಮೇಜಿನ ಮುಂದೆ ಒಂದು ಚಮಚ ಜಾಮು ತಿಂದು ಹೇಸಿಗೆಯಾಯಿತು ಎಂದರೆ ಆ ಜಾಮಿನ ಯೋಗ್ಯತೆ ಎಂಥದ್ದಿರಬೇಕು, ನೀವೇ ಲೆಕ್ಕ ಹಾಕಿ.

ಜಾಮು ಬಂದದ್ದು ದೊಡ್ಡಮ್ಮನ ಮನೆಯಿಂದ. ದೊಡ್ಡಮ್ಮ ಎಂದರೆ ನನ್ನ ಅತ್ತೆಯ ಅಕ್ಕ. ಬಸ್ಸಿನಲ್ಲಿ ಹೋದರೆ ಒಂದು ಗಂಟೆ ದೂರದಲ್ಲಿ ಒಬ್ಬರೇ ಇದ್ದಾರೆ. ಜೀವಮಾನವಿಡೀ ಬಟ್ಟೆ ಹೊಲಿದವರು. ಪ್ರತಿ ಬೇಸಿಗೆಗೂ ಅವರಿಂದ ಈ ಮನೆಗೆ ಒಂದು ಬಾಟಲಿ ಮಾವಿನ ಜಾಮು, ಜೊತೆಗೆ ಒಂದು ಕಾಗದ. ತಿಂದವರೆಲ್ಲ ತಮ್ಮ ಕೈಬರಹದಲ್ಲೇ ಉತ್ತರ ಬರೆಯಬೇಕು ಎಂಬುದು ಅವರ ಕಟ್ಟಪ್ಪಣೆ. ಫೋನು ಮಾಡಿ ರುಚಿ ಹೇಳಿದರೆ ಅವರು ಕೇಳಿಸಿಕೊಳ್ಳುವುದಿಲ್ಲವಂತೆ, ಇಟ್ಟುಬಿಡುತ್ತಾರಂತೆ.

ಅತ್ತೆ ಕನ್ನಡಕ ಏರಿಸಿ ಕಾಗದ ಓದಿದರು.

'ಮಕ್ಕಳೇ, ಬೇಸಿಗೆ ಬಂತು. ಬೆಳಗ್ಗೆ ಕಲ್ಲಂಗಡಿಗೆ ಒದ್ದೆ ಬಟ್ಟೆ ಸುತ್ತಿ ಕಿಟಕಿಯಲ್ಲಿಟ್ಟಿದ್ದೆ. ಮಧ್ಯಾಹ್ನ ಚಾಕು ತಾಗಿದ್ದೇ ತಡ, ಚರ್ರೆಂದು ತಾನೇ ಸೀಳಿಕೊಂಡಿತು. ಸೌತೆಕಾಯಿ ಕಚ್ಚಿದರೆ ಪಕ್ಕದ ಮನೆಗೆ ಕೇಳಿಸುತ್ತದೆ, ಅಷ್ಟು ಗರಿಗರಿ. ಹಣ್ಣಿನವನು ಮೊದಲ ಬುಟ್ಟಿ ಮಾವು ಇಳಿಸಿದ. ಬಣ್ಣ ನೋಡಿಯೇ ಹೊಟ್ಟೆ ತುಂಬಿತು. ಇರುವುದು ನಾಲ್ಕು ದಿನದ ಬೇಸಿಗೆ, ಅದನ್ನೂ ಫೋನು ನೋಡುತ್ತ ಕಳೆಯಬೇಡಿ. ತಿನ್ನಿ. ತಿಂದು, ಕೂತು, ಕೈಯಾರೆ ಬರೆಯಿರಿ. ಹೋದ ವರ್ಷ ನೀವು ಹೇಳಿದ್ದನ್ನು ನಾನು ಮರೆತಿಲ್ಲ.'

ಅಲ್ಲಿಗೆ ಅತ್ತೆಯ ದನಿ ಗದ್ಗದವಾಯಿತು. ಅವರಿಗೆ ಕಣ್ಣೀರು ನಲ್ಲಿ ತಿರುಗಿಸಿದ ಹಾಗೆ ಬರುತ್ತದೆ, ನಿಲ್ಲಿಸುವುದೂ ಅಷ್ಟೇ ಸುಲಭ. ಒರೆಸಿಕೊಂಡು ಮುಂದಕ್ಕೆ ಓದಿದರು. ದೊಡ್ಡಮ್ಮ ಹೊಲಿಗೆ ಅಂಗಡಿ ಮುಚ್ಚಿಬಿಟ್ಟಿದ್ದರು. ಸೂಜಿಗೆ ದಾರ ಪೋಣಿಸಲು ಕೈ ನಡುಗುತ್ತಿತ್ತು. ಆದರೆ ಹೆದರಬೇಡಿ, ಬೀದಿ ಮೂಲೆಯ ಬೇಕರಿಯವನು ತನ್ನ ಅಂಗಡಿಯಲ್ಲಿ ಒಂದು ಹಲಗೆ ಬಿಟ್ಟುಕೊಡುತ್ತಾನೆ, ಇನ್ನು ಜಾಮೇ ತನ್ನ ಕೆಲಸ ಎಂದು ಬರೆದಿದ್ದರು. ಅವನ ಅಂಗಡಿ ಹುಡುಗರ ಅಂಗಿಗಳನ್ನೆಲ್ಲ ಹೊಲಿದುಕೊಟ್ಟ ಋಣಕ್ಕೆ ಅವನು ಒಪ್ಪಿದ್ದ. ಸೋಮವಾರ ಬಂದು ಮೊದಲ ಸಲ ರುಚಿ ನೋಡುತ್ತಾನೆ. ಅಷ್ಟರೊಳಗೆ ನಿಮ್ಮ ಕಾಗದ ಬಂದರೆ ಅವನಿಗೆ ತೋರಿಸಬಹುದು, ನನ್ನ ಸ್ವಂತ ಜನ ಏನನ್ನುತ್ತಾರೆ ನೋಡು ಎಂದು.

"ಹೊಸಬಳು ಮೊದಲು," ಎಂದು ಭಾವ ಒಂದು ಚಮಚ ನನ್ನ ಕಡೆ ಚಾಚಿದರು. ಭಾವ ಎಂದರೆ ನನ್ನ ಗಂಡನ ಅಣ್ಣ, ವಿಮೆ ಮಾರುವ ಮನುಷ್ಯ. ಬಾಯಿಗೆ ಬಂದ ಮಾತನ್ನು ನುಂಗಿ ಅಭ್ಯಾಸವೇ ಇಲ್ಲ.

ಬಣ್ಣ ಚೆನ್ನಾಗಿತ್ತು. ಅದೇ ಮೋಸ. ಮೊದಲು ಮಾವು, ಸಿಹಿ. ಅದರ ಬೆನ್ನಿಗೇ ವಿನಿಗರ್ ಮೂಗಿಗೆ ಹೊಡೆಯಿತು. ಆಮೇಲೆ ಲವಂಗ. ನಮ್ಮ ಕ್ಲಿನಿಕ್ಕಿನಲ್ಲಿ ಹಲ್ಲಿನ ತೂತಿಗೆ ತಾತ್ಕಾಲಿಕವಾಗಿ ತುಂಬುವ ಸಿಮೆಂಟಿಗೆ ಲವಂಗದೆಣ್ಣೆ ಕಲಸುತ್ತೇವೆ. ದಿನಕ್ಕೆ ಹತ್ತು ಸಲ ಆ ವಾಸನೆ ಕುಡಿಯುವವಳು ನಾನು. ಅದೇ ವಾಸನೆ, ಚಮಚದಲ್ಲಿ. ನಾಲಿಗೆ ಜೋಮು ಹಿಡಿಯಿತು. ಇಷ್ಟಕ್ಕೇ ಮುಗಿಯಿತು ಎಂದುಕೊಳ್ಳುವಾಗ ಹಲ್ಲಿಗೆ ಸಾಸಿವೆ ಸಿಕ್ಕಿತು. ಸಾಸಿವೆಯ ಹಿಂದಿನಿಂದ, ಸಿಹಿಯಲ್ಲಿ ನೆನೆದು ಮೆತ್ತಗಾದ ಒಂದು ಇಡೀ ಬೆಳ್ಳುಳ್ಳಿ ಎಸಳು. ಅದು ಬಾಯಲ್ಲಿ ಕರಗಿತು. ಬಾಯಲ್ಲಿಟ್ಟ ಬಿಸಿತುಪ್ಪ, ನುಂಗಲೂ ಆಗದು ಉಗುಳಲೂ ಆಗದು ಎನ್ನುತ್ತಾರಲ್ಲ, ನನಗೆ ಆ ಧರ್ಮಸಂಕಟವೇನೂ ಆಗಲಿಲ್ಲ. ಓಡಿಹೋಗಿ ಪಾತ್ರೆ ತೊಳೆಯುವ ತೊಟ್ಟಿಗೆ ಉಗುಳಿದೆ.

ಹಿಂದಿನಿಂದ ಅತ್ತೆ, ಭಾವ, ಗಂಡ, ಮೂರು ಜನರ ನಗು.

"ಉಗುಳಮ್ಮ, ಉಗುಳು. ನಾವೂ ತಿಂತಿದ್ದ ಕಾಲದಲ್ಲಿ ಹಾಗೇ ಮಾಡಿದ್ದು," ಎಂದರು ಅತ್ತೆ.

"ಈಗ?"

"ಈಗ ಯಾರು ತಿಂತಾರೆ!"

ನಿಜವೇ. ಗಂಡ ಬಾಟಲಿಯನ್ನು ಹಿತ್ತಲಿಗೆ ಒಯ್ದು, ಚಮಚದಿಂದ ಕೆರೆದು ಹೂವಿನ ಕುಂಡಕ್ಕೆ ಸುರಿದ. ಆ ಗಿಡ ಎಲೆ ಬಿಡದೆ ಕಡ್ಡಿಯಾಗಿ ನಿಂತಿರುವುದನ್ನು ನಾನು ಬಂದಾಗಿನಿಂದ ನೋಡುತ್ತಿದ್ದೆ, ನೀರು ಸಾಲದು ಎಂದು ಎರಡೆರಡು ಹೊತ್ತು ಹಾಕುತ್ತಿದ್ದೆ ಬೇರೆ. ಕುಂಡದ ಅಂಚಿನಲ್ಲಿ ಸಾಲುಗಟ್ಟಿ ಹೋಗುತ್ತಿದ್ದ ಇರುವೆಗಳು ಜಾಮಿನ ಹತ್ತಿರ ಬಂದು, ಒಂದು ಕ್ಷಣ ನಿಂತು, ಸುತ್ತು ಹಾಕಿ ಮುಂದೆ ಹೋದವು. ಸಕ್ಕರೆಗೆ ಇರುವೆ ಮುತ್ತುವುದಿಲ್ಲ ಎಂದರೆ ಆ ಸಕ್ಕರೆಗೆ ಏನು ಗತಿ ಬಂದಿರಬೇಕು.

ಒಳಗೆ ಬಂದಾಗ ಭಾವ ಮೇಜಿನ ಮೇಲೆ ಹಾಳೆಗಳನ್ನು ಹರಡಿ ಪೆನ್ನು ಹಂಚುತ್ತಿದ್ದರು.

"ನೋಡು, ಬರೀ ಹೊಗಳಿದ್ರೆ ಅನುಮಾನ ಬರುತ್ತೆ," ಎಂದು ನನಗೆ ಪಾಠ ಶುರು ಮಾಡಿದರು. "ಮೊದಲು ಅಮೃತ ಅನ್ಬೇಕು. ಆಮೇಲೆ ಒಂದು ಚೂರು ಕೊಂಕು. 'ಸ್ವಲ್ಪ ಸಾಸಿವೆ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು ದೊಡ್ಡಮ್ಮ' ಅಂತ. ಆಗ ನಿಜವಾಗ್ಲೂ ತಿಂದಿದಾರೆ ಅನ್ಸುತ್ತೆ. ಗಿರಾಕಿ ಮನಸ್ಸು ಹಂಗೇನೇ."

"ಹೋದ ವರ್ಷ ಏನು ಬರೆದಿದ್ರಿ?"

"ನನಗೆಲ್ಲಿ ನೆನಪಿರುತ್ತೆ? ಕೈಗೆ ಬಂದಿದ್ದು."

ಗಂಡ ಬರೆದು ಮುಗಿಸಿಯೇಬಿಟ್ಟಿದ್ದ. ಪ್ರತಿ ವರ್ಷವೂ ಅದೇ ನಾಲ್ಕು ಸಾಲಂತೆ. ಅತ್ತೆ ಮಾತ್ರ ನಿಧಾನವಾಗಿ, ಅಲ್ಲಲ್ಲಿ ನಿಂತು ನಿಟ್ಟುಸಿರು ಬಿಟ್ಟು ಬರೆದರು. ಉಗುಳುವ ಜಾಮಿನ ಬಗ್ಗೆ ಅಷ್ಟು ಭಕ್ತಿಯಿಂದ ಬರೆಯುವ ಕೈಯನ್ನು ನೋಡುತ್ತ ಕೂತವಳಿಗೆ ಮೈಯೆಲ್ಲ ಅಂಟಂಟು ಅನಿಸಿತು.

"ಸೋಮವಾರ ಆ ಬೇಕರಿಯವನು ಇದನ್ನ ಬಾಯಿಗೆ ಹಾಕ್ಕೋತಾನೆ," ಎಂದೆ. "ಹಾಕ್ಕೊಂಡು ಅಲ್ಲೇ ಉಗುಳ್ತಾನೆ. ಅಂಗಡೀಲಿ ನಾಲ್ಕು ಜನ ನಿಂತಿರ್ತಾರೆ. ದೊಡ್ಡಮ್ಮ ಅದೇ ಬೀದೀಲಿ ಒಳ್ಳೆ ಹೆಸರಿಂದ ಬದುಕಿದೋರು. ಆಮೇಲೆ ಮುಖ ಎತ್ಕೊಂಡು ಹೇಗೆ ಓಡಾಡ್ತಾರೆ?"

"ಅವನ ಬಾಯಿ, ಅವನ ಹಣೆಬರಹ," ಎಂದರು ಭಾವ.

"ಅಲ್ಲ, ಯಾರಾದ್ರೂ ಒಬ್ರು ನಿಜ ಹೇಳ್ಬಾರ್ದಾ?"

ಅತ್ತೆ ಪೆನ್ನು ಕೆಳಗಿಟ್ಟರು. "ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತ ಗಾದೆ ಕೇಳಿದೀಯಾ? ನನ್ನಕ್ಕ ಒಂಟಿ ಜೀವ. ಅವಳ ಮನಸ್ಸು ಮುರಿಯೋಕೆ ನಾನು ಬಿಡಲ್ಲ. ನೀನೂ ನಾಲ್ಕು ಸಾಲು ಬರಿ. ನಿನ್ನ ಅಕ್ಷರ ದುಂಡಗಿದೆ, ಖುಷಿ ಪಡ್ತಾಳೆ."

ನಾನು ಗಂಡನ ಮುಖ ನೋಡಿದೆ. ಅವನು ಟಿವಿಯ ರಿಮೋಟು ಹುಡುಕುತ್ತಿದ್ದ. ಪ್ರೀತಿಸಿ ಮದುವೆಯಾದವನು ಎಷ್ಟು ಸೊಗಸಾಗಿ ಸಂಬಂಧವೇ ಇಲ್ಲದವನಂತೆ ಇರಬಲ್ಲ ಎಂದು ಅಂದು ಮೊದಲ ಸಲ ಕಂಡೆ. ಅಂಚೆಗೆ ಹಾಕಿದರೆ ಸೋಮವಾರದೊಳಗೆ ತಲುಪುವುದಿಲ್ಲ, ನಾನೇ ಒಯ್ದು ಕೊಡುತ್ತೇನೆ ಎಂದೆ. ಮೂವರಿಗೂ ಸಂತೋಷವಾಯಿತು. ಅಂಚೆ ಚೀಟಿಯೂ ಉಳಿಯಿತು ಎಂದರು ಭಾವ.

ಶನಿವಾರ ಕ್ಲಿನಿಕ್ಕಿಗೆ ಅರ್ಧ ದಿನ. ಮಧ್ಯಾಹ್ನದ ಬಸ್ಸು ಹಿಡಿದೆ. ಡಾಂಬರು ಕರಗಿ ಚಪ್ಪಲಿಗೆ ಅಂಟುವ ಬಿಸಿಲು. ದೊಡ್ಡಮ್ಮನ ಮನೆ ಮುಚ್ಚಿದ ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆ. ಮೆಟ್ಟಿಲು ಹತ್ತುವಾಗಲೇ ಆ ಜಾಮಿನ ವಾಸನೆ ಎದುರು ಬಂದಿತು, ಅದರ ಜೊತೆಗೆ ಇನ್ನೊಂದು, ಇನ್ನೂ ಕೆಟ್ಟದ್ದು. ಬಾಗಿಲು ತೆರೆದವರ ಕೊರಳಲ್ಲಿ ಇನ್ನೂ ಅಳತೆಯ ಟೇಪು ನೇತಾಡುತ್ತಿತ್ತು, ಹೊಲಿಗೆ ನಿಲ್ಲಿಸಿದ ಮೇಲೂ. ನನ್ನನ್ನು ಕಂಡದ್ದೇ ಎರಡೂ ಕೈಯಿಂದ ನನ್ನ ಕೆನ್ನೆ ಹಿಡಿದುಕೊಂಡರು. ಒರಟು ಬೆರಳು, ತುದಿಗಳಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ.

"ಬಿಸಿಲಲ್ಲಿ ಬಂದಿದೀಯ ಕಂದ. ಕೂತ್ಕೋ, ತಣ್ಣಗೆ ಏನಾದ್ರೂ ಕೊಡ್ತೀನಿ."

ಅಡುಗೆಮನೆ ಚೊಕ್ಕಟವಾಗಿತ್ತು. ಕಣ್ಣಿಗೆ ಚೊಕ್ಕಟ. ಪಾತ್ರೆಗಳು ಹೊಳೆಯುತ್ತಿದ್ದವು, ನೆಲ ಒರೆಸಿತ್ತು. ಆದರೆ ಬುಟ್ಟಿಯ ಮೇಲಿನ ಸಾಲಿನಲ್ಲಿ ಬಂಗಾರದ ಹಾಗಿದ್ದ ಮಾವಿನಹಣ್ಣುಗಳ ಅಡಿಯಿಂದ ಕಂದು ರಸ ಒಸರಿ ಬುಟ್ಟಿಯ ಹಿಂಬದಿಗೆ ಇಳಿದಿತ್ತು. ಆ ಇನ್ನೊಂದು ವಾಸನೆ ಅದರದ್ದು. ನಾನು ಮೇಲಿನದ್ದನ್ನು ಎತ್ತಿದೆ. ಕೆಳಗಿನ ಹಣ್ಣು ಬೆರಳಿಗೆ ಹಿಸುಕಿಕೊಂಡಿತು, ಒಳಗೆ ಬಿಳಿ ಹುಳು ಮಿಸುಕುತ್ತಿದ್ದವು. ಬಟ್ಟೆಗೆ ಕೈ ಒರೆಸಿಕೊಳ್ಳುವಷ್ಟರಲ್ಲಿ ದೊಡ್ಡಮ್ಮ ಎರಡು ಲೋಟ ಹಿಡಿದು ಬಂದರು. ಹಾಲಿಗೆ ಹಣ್ಣು ಹಿಸುಕಿ ಮಾಡಿದ್ದು.

ಲೋಟ ಮೂಗಿನ ಹತ್ತಿರ ಬಂದಾಗಲೇ ಗೊತ್ತಾಯಿತು. ಹಾಲು ಹಳಸಿ, ಹುಳಿತು, ಅದರಾಚೆಗೂ ಹೋಗಿತ್ತು. ಬೇಡ ಎನ್ನಲು ನಾನು ಬಾಯಿ ತೆರೆದೆ. ದೊಡ್ಡಮ್ಮ ಅಷ್ಟರಲ್ಲಿ ತಮ್ಮ ಲೋಟ ಎತ್ತಿ, ಗಟಗಟನೆ ಕುಡಿದು, ಮೇಲ್ತುಟಿಗೆ ಅಂಟಿದ ಒಡೆದ ಹಾಲಿನ ಗರಣೆಯನ್ನು ನಾಲಿಗೆಯಿಂದ ನೆಕ್ಕಿಕೊಂಡರು.

"ಹಾ! ಎಷ್ಟು ತಣ್ಣಗಿದೆ ಅಲ್ವಾ?"

ನಾನು ನನ್ನ ಲೋಟ ಕೆಳಗಿಟ್ಟೆ. ತಕ್ಷಣ ಅವರ ಕಾಗದ ನೆನಪಾಯಿತು. ಚರ್ರೆಂದು ಸೀಳಿದ ಕಲ್ಲಂಗಡಿ, ಗರಿಗರಿ ಸೌತೆಕಾಯಿ, ಮಾವಿನ ಬಣ್ಣ. ಸದ್ದು ಇತ್ತು, ಬಣ್ಣ ಇತ್ತು, ತಂಪು ಇತ್ತು. ಇಡೀ ಕಾಗದದಲ್ಲಿ ಒಂದೇ ಒಂದು ವಾಸನೆ ಇರಲಿಲ್ಲ.

"ದೊಡ್ಡಮ್ಮ, ನಿಮಗೆ ವಾಸನೆ ಗೊತ್ತಾಗಲ್ವಾ?"

ಅವರು ಕೂಡಲೇ ಬಾಗಿಲ ಕಡೆ ನೋಡಿದರು, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ. ಆಮೇಲೆ ಸ್ಟೂಲಿನ ಮೇಲೆ ಕುಳಿತರು.

"ಯಾರಿಗೂ ಹೇಳ್ಬೇಡ," ಎಂದರು. "ಒಂದು ಸಲ ಜ್ವರ ಬಂತಲ್ಲ, ಆಗ ಹೋಗಿದ್ದು ವಾಪಸ್ ಬರಲೇ ಇಲ್ಲ. ವರ್ಷಗಳೇ ಆಯ್ತು. ಮೂಗು ಹೋದ್ರೆ ರುಚಿನೂ ಅದರ ಹಿಂದೇನೇ ಹೋಗುತ್ತೆ ಕಣೆ. ಸಿಹಿ ಅಂತ ಗೊತ್ತಾಗುತ್ತೆ, ಹುಳಿ ಅಂತ ಗೊತ್ತಾಗುತ್ತೆ, ಅದೂ ಅಷ್ಟಕ್ಕಷ್ಟೇ. ಮಾವೋ ಮಣ್ಣೋ ಗೊತ್ತಾಗಲ್ಲ."

"ಮತ್ತೆ ಜಾಮು ಹೇಗೆ ಮಾಡ್ತೀರಿ?"

ಅವರ ಮುಖ ಅರಳಿತು. "ಅದಕ್ಕೇ ಅಲ್ವಾ ನೀವಿರೋದು! ಬಾ ಇಲ್ಲಿ."

ಒಲೆಯ ಮೇಲ್ಗಡೆ ಗೋಡೆಯಿಂದ ಗೋಡೆಗೆ ಒಂದು ದಾರ ಕಟ್ಟಿತ್ತು. ಅದರಲ್ಲಿ ಬಟ್ಟೆ ಒಣಗಿಸುವ ಕ್ಲಿಪ್ಪುಗಳಿಂದ ಕಾಗದಗಳನ್ನು ನೇತುಹಾಕಿದ್ದರು, ವರ್ಷವಾರು, ಎಡದಿಂದ ಬಲಕ್ಕೆ. ಹಬೆಗೆ ಮುದುರಿ, ಜಾಮು ಸಿಡಿದು ಕಲೆಯಾದ ಕಾಗದಗಳು. ಅತ್ತೆಯ ಅಕ್ಷರ, ಭಾವನ ಅಕ್ಷರ, ನನ್ನ ಗಂಡನ ಕೋಳಿಕಾಲಿನ ಅಕ್ಷರ.

"ಫೋನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಬರೆದಿದ್ದು ಹೀಗೆ ಕಣ್ಮುಂದೆ ಇರುತ್ತೆ. ಇದನ್ನ ನೋಡ್ಕೊಂಡೇ ಕೈಯಾಡಿಸೋದು," ಎಂದು ಒಂದೊಂದನ್ನೇ ಬೆರಳಿಟ್ಟು ತೋರಿಸಿದರು. "ಇದು ನಿನ್ನ ಅತ್ತೇದು. ಸಿಹಿ ಮುಂದಾಯ್ತು ಅಕ್ಕ, ಹುಳಿ ಇರ್ಲಿ ಅಂದಳು. ಅವತ್ತಿಂದ ವಿನಿಗರ್. ಇದು ನಿನ್ನ ಗಂಡಂದು. ಇನ್ನು ನಾಲ್ಕು ಲವಂಗ ಬೀಳಲಿ ಅಂತಾನೆ, ಪ್ರತಿ ವರ್ಷನೂ ಅದೇ ಅಂತಾನೆ, ಪಾಪ, ಎಷ್ಟು ಇಷ್ಟಾನೋ! ನಾನೂ ಪ್ರತಿ ವರ್ಷ ನಾಲ್ಕು ನಾಲ್ಕು ಏರಿಸ್ತಾ ಬಂದೆ. ಸಾಸಿವೆ ನಿನ್ನ ಭಾವಂದು. ಹೋದ ವರ್ಷ ಬೆಳ್ಳುಳ್ಳಿ ಅಂತ ಬರೆದ. ನನಗೆ ಸ್ವಲ್ಪ ವಿಚಿತ್ರ ಅನ್ನಿಸ್ತು, ನಿಜ ಹೇಳ್ಬೇಕು ಅಂದ್ರೆ. ಆದ್ರೆ ನಾಲಿಗೆ ಇರೋನು ಅವನು. ನಾನು ಯಾರು ಬೇಡ ಅನ್ನೋಕೆ?"

ನಾನು ಆ ದಾರವನ್ನು ಉದ್ದಕ್ಕೂ ನೋಡಿದೆ. ಮೊದಲ ವರ್ಷ ಮಾವು ಮತ್ತು ಸಕ್ಕರೆ. ಆಮೇಲೆ ಒಂದೊಂದು ವರ್ಷಕ್ಕೆ ಒಂದೊಂದು ಕೊಂಕು. ಟಿವಿ ನೋಡುತ್ತ, ಆಕಳಿಸುತ್ತ, ಬೇಗ ಮುಗಿಯಲಿ ಎಂದು ಗೀಚಿದ ಸಾಲುಗಳನ್ನು ಈ ಹೆಂಗಸು ಒಲೆಯ ಮುಂದೆ ನಿಂತು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದರು. ನಾನು ತೊಟ್ಟಿಗೆ ಉಗುಳಿದ್ದು ಇವರ ಅಡುಗೆಯನ್ನಲ್ಲ. ನಮ್ಮ ಮನೆಯವರ ಬರವಣಿಗೆಯನ್ನು. ಕಾಗದಕ್ಕೆ ಅವರೇ ಕಕ್ಕಿ, ನಾನು ಉಗುಳಿದ್ದನ್ನು ಅವರೇ ನೋಡಿ ನಕ್ಕಿದ್ದರು. ಹುಳು ತುಂಬಿದ ಆ ಹಣ್ಣಿಗಿಂತ ನನಗೆ ಅವರ ಮೇಲೆ ಹೆಚ್ಚು ಹೇಸಿಗೆಯಾಯಿತು.

"ಎಲ್ಲಿ, ಈ ವರ್ಷದ ಕಾಗದ ಕೊಡು," ಎಂದು ಕೈ ಚಾಚಿದರು.

ಚೀಲದಲ್ಲಿ ಮೂರು ಕಾಗದ ಇದ್ದವು. ನಾನು ಕೊಡಲಿಲ್ಲ. "ದೊಡ್ಡಮ್ಮ, ಅವೆಲ್ಲ ಸುಳ್ಳು. ಜಾಮು ಚೆನ್ನಾಗಿಲ್ಲ. ಯಾರೂ ತಿನ್ನಲ್ಲ, ಕುಂಡಕ್ಕೆ ಸುರೀತಾರೆ. ನಾನು ಒಂದು ಚಮಚ ತಿಂದೆ, ಉಗುಳಿದೆ. ಸೋಮವಾರ ಇದನ್ನ ಆ ಬೇಕರಿಯವನ ಬಾಯಿಗೆ ಕೊಡ್ಬೇಡಿ, ಕೈ ಮುಗೀತೀನಿ," ಎಂದೆ. ಮೆತ್ತಗೆ ಹೇಳಬೇಕಿತ್ತು. ನನಗೆ ಮೆತ್ತಗೆ ಹೇಳಲು ಬರುವುದಿಲ್ಲ.

ಅವರು ಅಳಲಿಲ್ಲ. ಕೊರಳಿನ ಟೇಪನ್ನು ತೆಗೆದು ಬೆರಳಿಗೆ ಸುತ್ತತೊಡಗಿದರು. ಸುತ್ತಿ ಮುಗಿಸಿದ ಮೇಲೆ ನನ್ನನ್ನು ನೋಡಿದ ಕಣ್ಣು ಬೇರೆಯಾಗಿತ್ತು.

"ನೀನು ಈ ಮನೆಗೆ ಬಂದು ಎಷ್ಟು ದಿನ ಆಯ್ತು? ನಿನ್ನತ್ತೇನ ನಾನು ಸೊಂಟದ ಮೇಲೆ ಹೊತ್ತು ಬೆಳೆಸಿದೀನಿ. ಅವಳು ನನಗೆ ಸುಳ್ಳು ಬರೀತಾಳಾ? ಮೂರು ಜನ ಒಂದು ಹೇಳಿ, ನೀನೊಬ್ಬಳು ಒಂದು ಹೇಳಿದ್ರೆ ನಾನು ಯಾರನ್ನ ನಂಬಲಿ?"

"ನನ್ನ ನಂಬಬೇಡಿ. ಅವರನ್ನೇ ಎದುರಿಗೆ ಕೇಳಿ."

"ಕೇಳ್ತೀನಿ. ನಾಳೆ ಬರ್ತೀನಿ. ಮೂಗಿನ ವಿಷಯ ಮಾತ್ರ ಬಾಯಿ ಬಿಡ್ಬೇಡ. ನಿಂದು ಸುಳ್ಳಾದ್ರೆ, ಆಮೇಲೆ ನನ್ನ ಮೆಟ್ಟಿಲು ಹತ್ತಬೇಡ."

ನಾನು ಬಸ್ಸಿನಲ್ಲಿ ವಾಪಸು ಬರುವಾಗ ಸುಮ್ಮನೆ ಹಲ್ಲು ಕಡಿಯುತ್ತಿದ್ದೆ. ರೋಗಿಗಳಿಗೆ ಹಾಗೆ ಕಡಿಯಬೇಡಿ ಎಂದು ದಿನವೂ ಹೇಳುವವಳು ನಾನೇ.

ಭಾನುವಾರ ಬೆಳಗಿನ ತಿಂಡಿಯ ಹೊತ್ತಿಗೆ ದೊಡ್ಡಮ್ಮ ಬಂದರು. ಒಂದು ಕೈಯಲ್ಲಿ ಬ್ರೆಡ್ಡು, ಇನ್ನೊಂದರಲ್ಲಿ ಹೊಸ ಬಾಟಲಿ. ಮನೆಯಲ್ಲಿ ಗಡಿಬಿಡಿಯೋ ಗಡಿಬಿಡಿ. ಅತ್ತೆ ಅಕ್ಕನನ್ನು ತಬ್ಬಿಕೊಂಡರು, ನಲ್ಲಿ ತಿರುಗಿಸಿದರು, ನಿಲ್ಲಿಸಿದರು. ಭಾವ ಕುರ್ಚಿ ಎಳೆದು ಕೊಟ್ಟರು. ನನ್ನ ಗಂಡ ಹಿತ್ತಲ ಬಾಗಿಲು ಹಾಕಿ ಬಂದ.

"ನಿಮ್ಮ ಕಾಗದ ಬರೋದ್ರೊಳಗೆ ನಾನೇ ಬಂದೆ," ಎಂದರು ದೊಡ್ಡಮ್ಮ. ನಾನು ಕಾಗದ ಕೊಡಲಿಲ್ಲವೇ ಎಂದು ಅತ್ತೆ ನನ್ನ ಕಡೆ ಕಣ್ಣು ಕೆಕ್ಕರಿಸಿದರು. "ನೀವು ತಿನ್ನೋದನ್ನ ನಾನು ಯಾವತ್ತೂ ನೋಡೇ ಇಲ್ವಲ್ಲ. ನೋಡ್ಬೇಕು ಅನ್ನಿಸ್ತು."

ನಾಲ್ಕು ತಟ್ಟೆಗೆ ನಾಲ್ಕು ತುಂಡು ಬ್ರೆಡ್ಡು. ಅದರ ಮೇಲೆ ಅಂಚಿನಿಂದ ಅಂಚಿಗೆ ದಪ್ಪಗೆ ಜಾಮು ಬಳಿದರು. ಹೊಲಿಗೆಯವರ ಕೈ, ಎಲ್ಲೂ ಒಂದು ಚುಕ್ಕಿ ಬಿಡಲಿಲ್ಲ. ನನ್ನ ತಟ್ಟೆಯನ್ನು ನಾನು ಪಕ್ಕಕ್ಕೆ ಸರಿಸಿದೆ.

"ನನಗೆ ಬೇಡ. ಚೆನ್ನಾಗಿಲ್ಲ," ಎಂದೆ.

"ಏನೇ ಅದು, ದೊಡ್ಡೋರ ಮುಂದೆ!" ಎಂದು ಅತ್ತೆ ಗದರಿದರು. "ಅಕ್ಕ, ಅವಳಿಗೆ ಏನು ಗೊತ್ತು? ದಿನಾ ಔಷಧಿ ವಾಸನೆ ಕುಡಿದು ನಾಲಿಗೆ ಸತ್ತುಹೋಗಿದೆ."

ಹಾಗೆಂದು ಬ್ರೆಡ್ಡನ್ನು ಎತ್ತಿ ಕಚ್ಚಿದರು. ಭಾವನೂ ಕಚ್ಚಿದರು. ನನ್ನ ಗಂಡ ನನ್ನ ಕಡೆ ನೋಡದೆ ಅರ್ಧ ತುಂಡನ್ನು ಒಮ್ಮೆಗೇ ಬಾಯಿಗೆ ತುರುಕಿದ.

ಸದ್ದಿಲ್ಲ. ಅಗಿಯುವ ಸದ್ದು ಕೂಡ ಇಲ್ಲ, ಏಕೆಂದರೆ ಮೂವರಲ್ಲಿ ಯಾರೂ ಅಗಿಯುತ್ತಿರಲಿಲ್ಲ. ಭಾವ ತುತ್ತನ್ನು ದವಡೆಗೆ ಒತ್ತಿ ನೀರಿನ ಲೋಟಕ್ಕೆ ಕೈ ಹಾಕಿದರು. ಅತ್ತೆಯ ಮೂಗಿನ ತುದಿ ಕೆಂಪಾಯಿತು. ಗಂಡನ ಹಣೆಯಲ್ಲಿ ಬೆವರು ಮೂಡಿತು. ಬೆಳ್ಳುಳ್ಳಿಯ ವಾಸನೆ ಮೇಜಿನ ಮೇಲೆ ಹಬ್ಬುತ್ತಿತ್ತು. ಯಾರಾದರೂ ಒಬ್ಬರು ಎದ್ದುಹೋಗಿ ಉಗುಳಲಿ, ಒಬ್ಬರಾದರೂ, ಎಂದು ನಾನು ಕಾಯುತ್ತಿದ್ದೆ. ನನಗೆ ಅಷ್ಟೇ ಸಾಕಿತ್ತು.

"ಹೇಗಿದೆ?" ಎಂದರು ದೊಡ್ಡಮ್ಮ.

"ಅಮೃತ!" ಎಂದರು ಭಾವ.

"ಹೋದ ವರ್ಷಕ್ಕಿಂತ ಚೆನ್ನಾಗಿದೆ ಅಕ್ಕ," ಎಂದರು ಅತ್ತೆ.

ಗಂಡ ತಲೆಯಾಡಿಸಿದ. ಬಾಯಿ ತೆರೆದರೆ ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು.

"ಇನ್ನೊಂದು ತುಂಡು?"

"ಹಾಕು, ಹಾಕು," ಎಂದು ಅತ್ತೆ ತಟ್ಟೆ ಮುಂದೆ ಮಾಡಿದರು. ಎರಡನೆಯ ತುಂಡನ್ನೂ ತಿಂದರು. ಅಷ್ಟು ವರ್ಷ ನಾಲ್ಕು ಸಾಲು ಬರೆದು ತಪ್ಪಿಸಿಕೊಂಡಿದ್ದನ್ನು ಈಗ ನುಂಗುತ್ತಿದ್ದರು, ಆದರೂ ಸತ್ಯ ಮಾತ್ರ ಬಾಯಿಂದ ಹೊರಗೆ ಬರಲಿಲ್ಲ. ನನಗೆ ಹೇಸಿಗೆಯ ಜೊತೆಗೆ ಭಯವೂ ಆಯಿತು. ಮೂರು ಜನ ಒಂದು ಕಡೆ, ನಾನೊಬ್ಬಳು ಒಂದು ಕಡೆ. ಸೋಮವಾರಕ್ಕೆ ಒಂದೇ ದಿನ ಉಳಿದಿತ್ತು.

ದೊಡ್ಡಮ್ಮ ಬಾಟಲಿಗೆ ಮುಚ್ಚಳ ಹಾಕಿ ಬಿಗಿಯಾಗಿ ತಿರುಗಿಸಿದರು.

"ನಾನು ಬಟ್ಟೆ ಹೊಲಿದೋಳು," ಎಂದರು ನಿಧಾನವಾಗಿ. "ಅಂಗಿ ಹಾಕ್ಕೊಂಡು 'ಎಲ್ಲೂ ಬಿಗಿ ಇಲ್ಲ, ಸರಿಯಾಗಿದೆ' ಅಂತ ಉಸಿರು ಹಿಡ್ಕೊಂಡು ನಿಲ್ಲೋರನ್ನ ತುಂಬಾ ನೋಡಿದೀನಿ. ನಾನು ಅವರ ಮಾತು ಕೇಳ್ತಾ ಇರ್ಲಿಲ್ಲ. ಗುಂಡಿ ನೋಡ್ತಾ ಇದ್ದೆ." ಭಾವನ ಕೈಯಲ್ಲಿದ್ದ ಖಾಲಿ ಲೋಟವನ್ನು ನೋಡಿದರು, ನನ್ನ ಗಂಡನ ಉಬ್ಬಿದ ಕೆನ್ನೆಯನ್ನು ನೋಡಿದರು, ಕೊನೆಗೆ ತಂಗಿಯ ಕಡೆ ತಿರುಗಿದರು. "ನನ್ನ ಮೂಗು ಹೋಗಿ ವರ್ಷಗಳಾಯ್ತು. ನಿನ್ನದು ಯಾವಾಗ ಹೋಯ್ತೇ?"

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅತ್ತೆಯ ಮುಖ ಬಿಳುಚಿಕೊಂಡಿತು. ಗಂಡ ಎದ್ದು ತೊಟ್ಟಿಯ ಕಡೆ ಓಡಿದ.

"ಅಕ್ಕ, ನಿನ್ನ ಮನಸ್ಸು ನೋಯಬಾರದು ಅಂತ…"

"ಸುಳ್ಳು. ನಿಮಗೆ ಬೇಗ ಮುಗೀಬೇಕಿತ್ತು," ಎಂದರು ದೊಡ್ಡಮ್ಮ. ಕೂಗಾಡಲಿಲ್ಲ. ಚೀಲ ಎತ್ತಿಕೊಂಡು ಹೊರಟರು, ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದರು. "ನೀನು ಚಪ್ಪಲಿ ಹಾಕ್ಕೋ."

ಮಾರುಕಟ್ಟೆಯಲ್ಲಿ ಹೊಸ ಹಣ್ಣು ಕೊಂಡೆವು. ಪ್ರತಿಯೊಂದನ್ನೂ ನಾನು ತೊಟ್ಟಿನ ಹತ್ತಿರ ಮೂಸಿ ನೋಡಿ ಬುಟ್ಟಿಗೆ ಹಾಕಿದೆ. ಅವರು ಪಕ್ಕದಲ್ಲಿ ನಿಂತು ನನ್ನ ಮೂಗನ್ನೇ ನೋಡುತ್ತಿದ್ದರು. ಮನೆಗೆ ಹೋಗಿ ಕೊಳೆತ ಬುಟ್ಟಿಯನ್ನು ಹೊರಗೆಸೆದೆ, ಹಾಲು ಚೆಲ್ಲಿದೆ, ಪಾತ್ರೆಗಳನ್ನೆಲ್ಲ ಮತ್ತೆ ತೊಳೆದೆ. ದೊಡ್ಡಮ್ಮ ದಾರದಿಂದ ಕಾಗದಗಳನ್ನು ಕಿತ್ತು, ಓದದೆ, ಕೊಳೆತ ಹಣ್ಣಿನ ಜೊತೆಗೇ ಸುರಿದರು. ಮಾವು, ಸಕ್ಕರೆ, ಒಂದು ನಿಂಬೆಹಣ್ಣು, ಅಷ್ಟೇ. ಸಂಜೆಯ ಬಿಸಿಲು ಕಿಟಕಿಗೆ ಬರುವವರೆಗೆ ಅವರು ಕೈಯಾಡಿಸಿದರು. ಬೆವರಿನಿಂದ ಕೂದಲು ಹಣೆಗೆ ಅಂಟಿತ್ತು. ಆಮೇಲೆ ಒಂದು ಚಮಚ ತೆಗೆದು, ಊದಿ ಆರಿಸಿ, ನನ್ನ ಬಾಯಿಗಿಟ್ಟರು.

"ಹೇಗಿದೆ?"

ಸಿಹಿ. ಮಾವು. ಸಕ್ಕರೆ ಒಂದು ಹಿಡಿ ಹೆಚ್ಚಾಗಿತ್ತು. ನಾರು ಹಲ್ಲಿಗೆ ಸಿಕ್ಕಿತು. ಯಾವ ಅಂಗಡಿಯಲ್ಲಾದರೂ ಸಿಗುವಂಥ ಒಂದು ಜಾಮು, ಅದಕ್ಕಿಂತ ಮೇಲಲ್ಲ, ಕೆಳಗಲ್ಲ. ಅವರು ಚಮಚ ಹಿಡಿದೇ ನಿಂತಿದ್ದರು. ಎಕ್ಸ್‌ರೇ ಕೈಯಲ್ಲಿ ಹಿಡಿದ ಡಾಕ್ಟರಮ್ಮನನ್ನು ಕುರ್ಚಿಯಲ್ಲಿ ಒರಗಿದವರು ನೋಡುತ್ತಾರಲ್ಲ, ಆ ಮುಖ. ಅಂಗಡಿ ಹೋಯಿತು, ತಂಗಿ ದೂರವಾದಳು, ಉಳಿದಿರುವುದು ಈ ಬಾಣಲೆ ಒಂದೇ.

ಅದ್ಭುತ ಎಂಬ ಮಾತು ನನ್ನ ನಾಲಿಗೆಯ ತುದಿಗೆ ತಾನಾಗಿಯೇ ಬಂದು ಕೂತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ, ಭಾವನ ಪಾಠ ಬೇಕಿರಲಿಲ್ಲ. ಎಷ್ಟು ಸಲೀಸಾಗಿ ಬಂದಿತ್ತೆಂದರೆ, ಆ ಇಡೀ ವಾರದಲ್ಲಿ ನನಗೆ ಅತಿ ಹೆಚ್ಚು ಹೇಸಿಗೆಯಾದದ್ದು ಆ ಕ್ಷಣ, ನನ್ನದೇ ಬಾಯಿಯ ಮೇಲೆ.

"ಪರವಾಗಿಲ್ಲ," ಎಂದೆ.

"ಪರವಾಗಿಲ್ಲ ಅಂದ್ರೆ?"

"ಸಾಧಾರಣ. ಸಕ್ಕರೆ ಜಾಸ್ತಿ ಆಯ್ತು. ನಾರು ಸೋಸಬೇಕಿತ್ತು."

ಅವರ ಮುಖ ಇಳಿಯಿತು. ಇಷ್ಟು ವರ್ಷ ಅಮೃತ ಮಾಡಿದವರಿಗೆ ಸಾಧಾರಣ ಎಂಬುದು ಎಷ್ಟು ಕಹಿಯೋ. ಒಲೆ ಆರಿಸಿದರು.

"ನಾಳೆ ಅವನಿಗೆ ಕೊಡಬಹುದಾ?"

"ಕೊಡಬಹುದು. ಉಗುಳಲ್ಲ. ಇಟ್ಕೋತಾನೋ ಇಲ್ವೋ ನನಗೆ ಗೊತ್ತಿಲ್ಲ."

ದೊಡ್ಡಮ್ಮ ಬಾಣಲೆಯಿಂದ ಮತ್ತೊಂದು ಚಮಚ ತೆಗೆದು ನನ್ನ ಮುಂದೆ ಹಿಡಿದರು. ನಾನು ಬಾಯಿ ತೆರೆದೆ. ಈ ಸಲ ಅವರು ಹೇಗಿದೆ ಎಂದು ಕೇಳಲಿಲ್ಲ. ಹತ್ತಿರ ಬಂದು, ತುತ್ತು ಇಳಿಯುವವರೆಗೂ ನನ್ನ ಗಂಟಲನ್ನೇ ನೋಡುತ್ತ ನಿಂತರು.